ಹಾಡು ನಿಂತಿದೆಯಾ, ಮುಂದೆ ಹೋಗ್ತಿದೆಯಾ? ನಿಮ್ಮ ಕಿವಿಯಿಂದಲೇ ತಿಳಿದುಕೊಳ್ಳುವ ಬಗೆ

ಕನ್ನಡ ಸಿನಿಮಾ ಹಾಡು ಬೆಳೆಯೋದು ನಿಂತುಹೋಗಿದೆ ಅನ್ನೋ ಮಾತು ನನ್ನ ಕಿವಿಗೆ ವರ್ಷಪೂರ್ತಿ ಬೀಳುತ್ತದೆ. ನಾನು ರಾಣೆಬೆನ್ನೂರಿನ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಗಣಪತಿ ಹಬ್ಬ, ಊರ ಜಾತ್ರೆ, ರಾಜ್ಯೋತ್ಸವ, ಮದುವೆಯ ಆರತಕ್ಷತೆ, ಎಲ್ಲಾ ಕಡೆ ಕರೆಯುತ್ತಾರೆ. ಮುಂದೆ ಕುರ್ಚಿಯಲ್ಲಿ ಕೂತ ಹಿರಿಯರು "ಹಳೇದು ಹಾಡ್ರಿ" ಅಂತಾರೆ. ಹಿಂದೆ ನಿಂತ ಹುಡುಗರು "ಅಣ್ಣಾ, ಹೊಸದು ಬಿಡ್ರಿ" ಅಂತ ಕೂಗುತ್ತಾರೆ. ಒಂದೇ ರಾತ್ರಿ 1972ರ ಹಾಡನ್ನೂ ಹೋದ ತಿಂಗಳ ಹಾಡನ್ನೂ ನುಡಿಸಬೇಕು. ನುಡಿಸಬೇಕು ಅಂದರೆ ಹಾಡನ್ನು ಬಿಚ್ಚಿ ನೋಡಬೇಕು. ಬೇಸ್, ಅಂದರೆ ಕೆಳಗಿನ ದಪ್ಪ ಸದ್ದು, ಎಲ್ಲಿ ಹೋಗುತ್ತಿದೆ, ನಡುವೆ ಯಾವ ವಾದ್ಯ ಬರುತ್ತಿದೆ, ತಾಳದ ಪ್ಯಾಡ್ ಬಾರಿಸುವವನಿಗೆ ಏನು ಕೆಲಸ, ಎಲ್ಲ ಗೊತ್ತಾಗಬೇಕು.

ಹೀಗೆ ಬಿಚ್ಚಿ ನೋಡೋದು ಸಂಗೀತ ಕಲಿಯದವರಿಗೂ ಸಾಧ್ಯ. ಅದರ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೇಕಾದ್ದು ಫೋನು, ಒಳ್ಳೆಯ ಇಯರ್‌ಫೋನ್, ಒಂದು ನೋಟ್‌ಬುಕ್, ಕೆಲವು ಬಿಡುವಿನ ಸಂಜೆ. ಸರಿಗಮ ಬರದಿದ್ದರೂ ನಡೆಯುತ್ತದೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಹಾಡು ನಿಂತಿಲ್ಲ. ಅದು ಬೆಳೆಯುವ ಜಾಗ ಬದಲಾಗಿದೆ. ಮೊದಲು ರಾಗದ ಎಳೆಯಲ್ಲಿ, ವಾದ್ಯಗಳ ಮಾತುಕತೆಯಲ್ಲಿ ಬೆಳೆಯುತ್ತಿತ್ತು. ಈಗ ಸದ್ದಿನಲ್ಲಿ, ತಾಳದ ಪೆಟ್ಟಿನಲ್ಲಿ, ಆಡುಮಾತಿನಲ್ಲಿ ಬೆಳೆಯುತ್ತಿದೆ. ಹಳೇ ಜಾಗದಲ್ಲೇ ಹುಡುಕಿದರೆ ಖಾಲಿ ಕಾಣುತ್ತದೆ. ನೀವು ಇದನ್ನು ಒಪ್ಪಲೇಬೇಕು ಅಂತಿಲ್ಲ. ಕೇಳಿ ನೋಡಿ, ಆಮೇಲೆ ಹೇಳಿ.

ಮೊದಲು ಪಟ್ಟಿ ಸರಿಯಾಗಿರಲಿ

ಹೆಚ್ಚಿನ ವಾದಗಳು ಹಾಳಾಗೋದು ಇಲ್ಲೇ. ಹಳೆಯ ಕಾಲದ ಹಾಡು ಅಂದ ಕೂಡಲೇ ನೆನಪಿಗೆ ಬರೋದು ಐವತ್ತು ವರ್ಷ ಜನ ಸೋಸಿ ಉಳಿಸಿಕೊಂಡ ಹಾಡುಗಳು. ಹೊಸ ಹಾಡು ಅಂದ ಕೂಡಲೇ ನೆನಪಿಗೆ ಬರೋದು ಇವತ್ತು ಬೆಳಿಗ್ಗೆ ಬಸ್‌ನಲ್ಲಿ ಯಾರದೋ ಫೋನಿನಿಂದ ಕೇಳಿದ್ದು. ಸೋಸಿದ್ದನ್ನು ಸೋಸದೇ ಇರೋದರ ಜೊತೆ ಇಟ್ಟರೆ ಯಾವುದು ಗೆಲ್ಲುತ್ತದೆ ಅಂತ ಕೇಳಬೇಕಾ?

ಆದ್ದರಿಂದ ಹಾಡುಗಳನ್ನು ಆರಿಸಬೇಡಿ, ವರ್ಷಗಳನ್ನು ಆರಿಸಿ. ನಾನು ಎಲ್ಲರಿಗೂ ಹೇಳುವ ಜೋಡಿ 1974 ಮತ್ತು 2018. 1974ರಲ್ಲಿ ಬಂದದ್ದು ನೋಡಿ. ರಾಜನ್-ನಾಗೇಂದ್ರ ಅವರ 'ಎರಡು ಕನಸು' ಮತ್ತು 'ಶ್ರೀ ಶ್ರೀನಿವಾಸ ಕಲ್ಯಾಣ'. ಜಿ.ಕೆ. ವೆಂಕಟೇಶ್ ಅವರ 'ಸಂಪತ್ತಿಗೆ ಸವಾಲ್', 'ಭೂತಯ್ಯನ ಮಗ ಅಯ್ಯು', 'ಭಕ್ತ ಕುಂಬಾರ'. ವಿಜಯಭಾಸ್ಕರ್ ಅವರ 'ಉಪಾಸನೆ'. ಚಿನ್ನದಂಥ ವರ್ಷ. 2018ರಲ್ಲಿ ಚರಣ್ ರಾಜ್ ಅವರ 'ಟಗರು', ಅರ್ಜುನ್ ಜನ್ಯ ಅವರ 'ರ‍್ಯಾಂಬೋ 2', ರವಿ ಬಸ್ರೂರು ಅವರ 'ಕೆಜಿಎಫ್', ವಾಸುಕಿ ವೈಭವ್ ಅವರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು'.

ಇಷ್ಟಕ್ಕೇ ನಿಲ್ಲಿಸಬೇಡಿ. ಎರಡೂ ವರ್ಷದಲ್ಲಿ ನೀವು ಹೆಸರೇ ಕೇಳದ ಸಿನಿಮಾಗಳು ಇರುತ್ತವೆ. ಆ ವರ್ಷದ ಸಿನಿಮಾ ಪಟ್ಟಿ ಹುಡುಕಿ, ಕಣ್ಣುಮುಚ್ಚಿ ಅಲ್ಲೊಂದು ಇಲ್ಲೊಂದು ಎತ್ತಿಕೊಳ್ಳಿ. ಯಾರೂ ನೆನಪಿಟ್ಟುಕೊಳ್ಳದ 1974ರ ಹಾಡುಗಳನ್ನು ಕೇಳಿದಾಗ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಆಗಲೂ ಒಂದು ಅಚ್ಚಿನಲ್ಲಿ ಎರಕ ಹೊಯ್ದಂತೆ ಬಂದ ಹಾಡುಗಳು ರಾಶಿ ಇದ್ದವು. ಅದೇ ಕ್ಲಬ್ ಡ್ಯಾನ್ಸ್ ಹಾಡು, ಅದೇ ಬಾಂಗೋ, ಅದೇ ತೋಟದಲ್ಲಿ ಓಡುವ ಯುಗಳಗೀತೆ.

ಕೇಳುವ ಮೊದಲು ಎರಡು ಸಣ್ಣ ಕೆಲಸ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿಮಗೆ ಹನ್ನೆರಡು ತುಂಬಿದ ವರ್ಷ, ಇಪ್ಪತ್ತು ತುಂಬಿದ ವರ್ಷ ಬರೆಯಿರಿ. ಆ ನಡುವೆ ಕೇಳಿದ ಹಾಡು ಮನಸ್ಸಿಗೆ ಹೆಚ್ಚು ಗಟ್ಟಿಯಾಗಿ ಅಂಟುತ್ತದೆ ಅಂತ ನೆನಪಿನ ಬಗ್ಗೆ ಅಧ್ಯಯನ ಮಾಡಿದವರೂ ಹೇಳುತ್ತಾರೆ. ಮೊದಲ ಪ್ರೀತಿ, ಕಾಲೇಜು ಗೇಟು, ಬಸ್ ಸ್ಟ್ಯಾಂಡು ಎಲ್ಲ ಆ ಹಾಡಿನ ಒಳಗೇ ಸೇರಿಕೊಂಡಿರುತ್ತವೆ. ಆ ವರ್ಷಗಳ ಹಾಡಿಗೆ ನೀವು ಕೊಡುವ ಅಂಕವನ್ನು ಎರಡನೇ ಸಲ ನೋಡಿ. ನಾನು ಓದುವಾಗ ಹಂಸಲೇಖ ಅವರ ಕಾಲ. ಅವರ ಹಾಡು ಬಂದರೆ ನನ್ನ ಪೆನ್ನು ತಾನಾಗಿ ಮೇಲೆ ಹೋಗುತ್ತದೆ. ಹಾಗಾಗಿ ಅವರ ಹಾಡುಗಳನ್ನು ನಾನು ಕೊನೆಗೆ, ನಿಧಾನವಾಗಿ ಕೇಳುತ್ತೇನೆ.

ಎರಡನೆಯದು ವಾಲ್ಯೂಮ್. ಇದನ್ನು ಯಾರೂ ಮಾಡೋದಿಲ್ಲ, ಆದರೆ ಬಹಳ ಮುಖ್ಯ. ಈಗಿನ ಹಾಡುಗಳನ್ನು ಮಿಕ್ಸ್ ಮಾಡುವಾಗ ಸಣ್ಣ ಸದ್ದನ್ನೂ ಎತ್ತಿ ದೊಡ್ಡ ಸದ್ದಿನ ಸಮಕ್ಕೆ ತರುತ್ತಾರೆ. ಇಡೀ ಹಾಡು ಜೋರಾಗಿರುತ್ತದೆ. ಹಳೆಯ ಹಾಡಿನಲ್ಲಿ ಪಿಸುಮಾತು ಪಿಸುಮಾತಾಗೇ ಇರುತ್ತದೆ. ಕಿವಿಗೆ ಜೋರಾಗಿರೋದೇ ಚೆನ್ನಾಗಿದೆ ಅನ್ನಿಸುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಸುಸ್ತೂ ಮಾಡುತ್ತದೆ. ಆದ್ದರಿಂದ ಹಾಡುವವರ ದನಿ ಎರಡರಲ್ಲೂ ಒಂದೇ ಮಟ್ಟಕ್ಕೆ ಬರುವ ತನಕ ಹೊಸದರ ವಾಲ್ಯೂಮ್ ಇಳಿಸಿ. ಹಳೆಯ ಹಾಡಿಗೆ ಮೂಲ ಆಡಿಯೋ ಹುಡುಕಿ. ಕೆಳಗೆ ಹೊಸ ಡ್ರಮ್ ಸೇರಿಸಿ ಹಾಕಿದ್ದು ಸಾಕಷ್ಟು ಓಡಾಡುತ್ತಿದೆ, ಅದು ಬೇಡ.

ಬಿಟ್ ಕೇಳಿ

ಪಲ್ಲವಿ ಮುಗಿದು ಚರಣ ಶುರುವಾಗುವ ಮಧ್ಯೆ ಬರೀ ವಾದ್ಯ ಬರುವ ಭಾಗ ಇರುತ್ತಲ್ಲ, ನಾವು ಅದನ್ನು ಬಿಟ್ ಅಂತೀವಿ. ಜನ ಆ ಹೊತ್ತಿನಲ್ಲಿ ಮಾತಾಡುತ್ತಾರೆ. ನಮಗೆ ಬೆವರು ಬರೋದು ಅಲ್ಲೇ.

ಪಟ್ಟಿಯ ಪ್ರತಿ ಹಾಡಿನಲ್ಲೂ ಮೊದಲ ಬಿಟ್ ಎಷ್ಟನೇ ನಿಮಿಷಕ್ಕೆ ಶುರುವಾಗುತ್ತದೆ, ಎರಡನೆಯದು ಎಲ್ಲಿ ಶುರುವಾಗುತ್ತದೆ ಅಂತ ಬರೆಯಿರಿ. ಆಮೇಲೆ ಆ ಎರಡನ್ನೇ ಒಂದರ ಹಿಂದೆ ಒಂದು ಕೇಳಿ. ಎರಡೂ ಬೇರೆ ಬೇರೆಯಾ, ಒಂದೇನಾ? ರಾಜನ್-ನಾಗೇಂದ್ರ ಅವರ ಹಾಡಾದರೆ ಮೊದಲ ಬಿಟ್‌ನಲ್ಲಿ ವಯಲಿನ್ ಗುಂಪು ಒಂದು ದಾರಿ ಹಿಡಿದರೆ, ಎರಡನೆಯದರಲ್ಲಿ ಕೊಳಲೋ ಸಿತಾರೋ ಇನ್ನೊಂದು ದಾರಿ ಹಿಡಿಯೋದು ಸಾಮಾನ್ಯ. ಇಳಯರಾಜ ಅವರದಾದರೆ ಕೆಳಗೆ ಬೇಸ್ ಗಿಟಾರನ್ನೂ ಹಿಡಿದು ಕೇಳಿ. 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ' ಸಿನಿಮಾದ ಹಾಡುಗಳಲ್ಲಿ ಬೇಸ್ ತನ್ನದೇ ಒಂದು ರಾಗ ಹಾಡುತ್ತಿರುತ್ತದೆ. ಮೇಲಿನ ದನಿಯನ್ನು ಮರೆತು ಅದೊಂದನ್ನೇ ಗುನುಗಬಹುದು. ಇಳಯರಾಜ ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ದವರು. ಇದು ಕನ್ನಡಿಗರಿಗೆ ಹೆಮ್ಮೆಯ ವಿಷಯ, ನಾವು ಹೇಳಿಕೊಳ್ಳೋದೇ ಕಡಿಮೆ.

ಈಗ ಹೊಸ ಪಟ್ಟಿಗೆ ಬನ್ನಿ. ಸಾಕಷ್ಟು ಹಾಡುಗಳಲ್ಲಿ ಎರಡನೇ ಬಿಟ್ ಮೊದಲನೆಯದರ ನಕಲೇ. ಕೆಲವು ಕಡೆ ಬಿಟ್ ಅನ್ನೋದೇ ಇಲ್ಲ, ಹುಕ್ ಲೈನ್, ಅಂದರೆ ಕಿವಿಗೆ ಅಂಟುವ ಆ ಒಂದು ಸಾಲು, ಮತ್ತೆ ಮತ್ತೆ ಬರುತ್ತದೆ. ಎರಡನೇ ಚರಣವೇ ಇಲ್ಲದ ಹಾಡುಗಳೂ ಸಿಗುತ್ತವೆ. ನಾನಿದನ್ನು ನಷ್ಟ ಅಂತಲೇ ಕರೆಯುತ್ತೇನೆ. ಸುತ್ತಿಬಳಸಿ ಹೇಳೋದಿಲ್ಲ. ಹಳೆಯ ಹಾಡನ್ನು ರಿಹರ್ಸಲ್ ಮಾಡುವಾಗ ಕೊಳಲಿನವರು, ಗಿಟಾರಿನವರು, ನಾನು, ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸುತ್ತೇವೆ. ಆ ಸುಖ ಹೊಸ ಹಾಡಿನಲ್ಲಿ ಕಡಿಮೆ.

ಯಾಕೆ ಹೀಗಾಯ್ತು ಅಂತ ತಿಳಿದರೆ ಸಿಟ್ಟು ಸ್ವಲ್ಪ ಇಳಿಯುತ್ತದೆ. ಆಗ ಕನ್ನಡ ಹಾಡುಗಳ ರೆಕಾರ್ಡಿಂಗ್ ಹೆಚ್ಚಾಗಿ ಮದ್ರಾಸಿನಲ್ಲಿ ನಡೆಯುತ್ತಿತ್ತು. ಇಡೀ ವಾದ್ಯವೃಂದ ಒಂದೇ ಹಾಲ್‌ನಲ್ಲಿ ಕೂತು, ಹಾಡುವವರ ಜೊತೆಗೇ ನುಡಿಸುತ್ತಿತ್ತು. ಒಬ್ಬರು ತಪ್ಪಿದರೆ ಮತ್ತೆ ಮೊದಲಿನಿಂದ. ಅಷ್ಟು ಜನರನ್ನು ಕರೆಸಿ ಕೂರಿಸಿದ ಮೇಲೆ ಎಲ್ಲರಿಗೂ ಬರೆದ ನೋಟೇಶನ್ ಬೇಕು. ಬರೆಯುವವನು ಹೇಗೂ ಕೂತು ಬರೆಯಬೇಕು, ಎರಡನೇ ಬಿಟ್ಟನ್ನು ಬೇರೆಯಾಗೇ ಬರೆಯುತ್ತಿದ್ದ. ಈಗ ಹಾಡು ಕಟ್ಟೋದು ಲ್ಯಾಪ್‌ಟಾಪ್‌ನಲ್ಲಿ. ಮೊದಲ ಬಿಟ್ಟನ್ನು ಎರಡನೇ ಜಾಗಕ್ಕೆ ತರೋಕೆ ಒಂದು ಕ್ಷಣ ಸಾಕು. ಜಾಣ ಪ್ರೋಗ್ರಾಮರ್ ಆ ಉಳಿದ ಸಮಯವನ್ನು ಸದ್ದಿನ ಮೇಲೆ ಹಾಕುತ್ತಾನೆ. ಸೋಮಾರಿ ಏನೂ ಮಾಡೋದಿಲ್ಲ. ಇಬ್ಬರ ಹಾಡೂ ಒಂದೇ ಆ್ಯಪ್‌ನಲ್ಲಿ ಬರುತ್ತದೆ.

ಸದ್ದು ಮತ್ತು ಪೆಟ್ಟು ಕೇಳಿ

ಆ ಜಾಣನ ಕೆಲಸ ಕಾಣಬೇಕಾದರೆ ಈಗ ಸದ್ದಿನ ಕಡೆ ತಿರುಗಿ. ಕಣ್ಣು ಮುಚ್ಚಿ, ಮೊದಲ ಅರ್ಧ ನಿಮಿಷ ಮಾತ್ರ ಕೇಳಿ, ಎಷ್ಟು ಸದ್ದುಗಳ ಹೆಸರು ನಿಮಗೆ ಹೇಳೋಕೆ ಬರುತ್ತದೆ ಅಂತ ಬರೆಯಿರಿ. 1974ರ ಹಾಡಿನಲ್ಲಿ ಹೆಚ್ಚು ಕಡಿಮೆ ಎಲ್ಲಕ್ಕೂ ಹೆಸರಿದೆ. ತಬಲ, ಢೋಲಕ್, ವಯಲಿನ್, ಕೊಳಲು, ಗಿಟಾರ್, ಅಕಾರ್ಡಿಯನ್. ಹೊಸ ಹಾಡಿನಲ್ಲಿ ಹೆಸರಿಲ್ಲದ ಸದ್ದುಗಳು ಸಿಗುತ್ತವೆ. ದನಿಯನ್ನೇ ಕತ್ತರಿಸಿ ಮಾಡಿದ ತಾಳ, ಹಿಂದುಮುಂದಾಗಿ ಓಡುವ ಗಂಟೆ, ಎದೆಯಲ್ಲಿ ಕೇಳಿಸುವ ಆದರೆ ಕಿವಿಗೆ ಸಿಗದ ಕೆಳಗಿನ ಬೇಸ್. ಅಗ್ಗದ ಸ್ಪೀಕರ್‌ನಲ್ಲಿ ಇದರ ಅರ್ಧ ಬರೋದೇ ಇಲ್ಲ. ಇಯರ್‌ಫೋನ್ ಬೇಕು ಅಂತ ಹೇಳಿದ್ದು ಇದಕ್ಕೇ. 'ಟಗರು' ಸಿನಿಮಾದ ಹಾಡುಗಳನ್ನು ಕೀಬೋರ್ಡಿನಲ್ಲಿ ನುಡಿಸೋಕೆ ಸ್ವರ ಹುಡುಕೋದು ಸುಲಭ. ಆ ಟೋನ್, ಅಂದರೆ ಅದೇ ಥರದ ಸದ್ದು, ಹುಡುಕೋದಕ್ಕೆ ರಾತ್ರಿಯೆಲ್ಲ ಹೋಗುತ್ತದೆ. ಹಳೆಯ ಹಾಡಿನಲ್ಲಿ ಇದು ತಿರುಗಾಮುರುಗಾ. ಟೋನ್ ತಕ್ಷಣ ಸಿಗುತ್ತದೆ, ಸ್ವರಗಳಿಗೆ ಅಭ್ಯಾಸ ಬೇಕು. ಕೆಲಸ ಎಲ್ಲಿಂದ ಎಲ್ಲಿಗೆ ಹೋಗಿದೆ ಅನ್ನೋದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಪೆಟ್ಟಿಗೆ ಬಂದರೆ, ಕಾಲಲ್ಲಿ ತಟ್ಟಿ ಎಣಿಸಿ. ಜೋರಾದ ಪೆಟ್ಟಿಗೆ ಒಂದು ಅನ್ನಿ. ಮೂರಕ್ಕೆ ತಿರುಗಿ ಬರುತ್ತದಾ, ನಾಲ್ಕಕ್ಕಾ? ಹಳೆಯ ಪಟ್ಟಿಯಲ್ಲಿ ಮೂರರ ಎಣಿಕೆ ಧಾರಾಳವಾಗಿ ಸಿಗುತ್ತದೆ. ಹೊಸದರಲ್ಲಿ ನಾಲ್ಕೇ ಜಾಸ್ತಿ. ಆದರೆ ಡ್ಯಾನ್ಸ್ ಹಾಡುಗಳಲ್ಲಿ ಗಮನವಿಡಿ. ತಮಟೆಯ ಪೆಟ್ಟು, ಡೊಳ್ಳಿನ ಪೆಟ್ಟು ಈಗ ಹಾಡಿನ ಮುಂದಿನ ಸಾಲಿಗೆ ಬಂದಿದೆ. ಮೊದಲು ಅವು ಜಾತ್ರೆಯ ದೃಶ್ಯ ಇದ್ದಾಗ ಮಾತ್ರ ಬಂದು ಹೋಗುತ್ತಿದ್ದವು.

2018ರ ಆ ನಾಲ್ಕು ಸಿನಿಮಾಗಳನ್ನು ಈ ಕಿವಿಯಿಂದ ಮತ್ತೆ ಕೇಳಿ. 'ಟಗರು' ಶೀರ್ಷಿಕೆ ಹಾಡಿಗೆ ತಮಿಳುನಾಡಿನ ಜಾನಪದ ಗಾಯಕ ಆಂಥೋನಿ ದಾಸನ್ ಅವರ ಒರಟು ದನಿ. 'ಕೆಜಿಎಫ್'ನಲ್ಲಿ ಗುಂಪು ದನಿ, ಗುಡುಗುವ ಡ್ರಮ್ಮು. 'ರ‍್ಯಾಂಬೋ 2'ನಲ್ಲಿ ನಮ್ಮ ಕಡೆಯ ಮಾತಿನ ಕುಣಿತ. ಕಾಸರಗೋಡಿನ ಶಾಲೆಯ ಸಿನಿಮಾದಲ್ಲಿ ಮಕ್ಕಳ ನಾಟಕದ ಹಾಡಿನ ಹಗುರ. ಒಂದೇ ವರ್ಷದ ನಾಲ್ಕು ಸಿನಿಮಾ, ಒಂದರ ಸದ್ದು ಇನ್ನೊಂದಕ್ಕೆ ಹೋಲೋದಿಲ್ಲ. 1974ರಲ್ಲಿ ರಾಗಗಳು ಇದಕ್ಕಿಂತ ಸಮೃದ್ಧ. ಆದರೆ ಸದ್ದಿನಲ್ಲಿ ಆ ಸಿನಿಮಾಗಳು ಇಷ್ಟು ದೂರ ದೂರ ಇರಲಿಲ್ಲ. ವಾದ್ಯದವರು ಎಷ್ಟೋ ಸಲ ಅವರೇ, ಹಾಲ್ ಕೂಡ ಅದೇ.

ಯಾರ ದನಿ, ಯಾವ ಊರಿನ ಮಾತು

ಇದು ನನ್ನ ಮನಸ್ಸಿಗೆ ಹತ್ತಿರದ ಭಾಗ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಎಸ್‌ಪಿಬಿ, ಇವರ ದನಿಯ ಬಗ್ಗೆ ನಾನು ಹೇಳುವಂಥದ್ದು ಏನಿದೆ? ಕೈ ಮುಗಿಯುತ್ತೇನೆ. ಈ ಮೂವರ ಮಾತೃಭಾಷೆಯೂ ಕನ್ನಡ ಅಲ್ಲ, ಆದರೂ ಕನ್ನಡದ ಒಂದೊಂದು ಅಕ್ಷರ ಅಷ್ಟು ಸ್ಪಷ್ಟ. ಆದರೆ ನೋಟ್‌ಬುಕ್ಕಿನಲ್ಲಿ ಒಂದು ಪ್ರಶ್ನೆ ಬರೆಯಿರಿ: ಈ ಹಾಡಿನ ಕನ್ನಡ ಯಾವ ಊರಿನದು? ಹಳೆಯ ಪಟ್ಟಿಯಲ್ಲಿ ಹೆಚ್ಚಿನ ಹಾಡುಗಳಿಗೆ ಊರೇ ಇಲ್ಲ. ಪುಸ್ತಕದ ಕನ್ನಡ. ಸುಂದರವಾಗಿದೆ, ಆದರೆ ಮನೆಯಲ್ಲಿ ಯಾರೂ ಹಾಗೆ ಮಾತಾಡೋದಿಲ್ಲ.

ಮೊದಲ ದೊಡ್ಡ ತಿರುವು 1987ರ 'ಪ್ರೇಮಲೋಕ'. ಹಂಸಲೇಖ ಹಾಡನ್ನೂ ಬರೆದು ಸಂಗೀತವನ್ನೂ ಕೊಟ್ಟರು. ಹುಡುಗ ಹುಡುಗಿ ಮಾತಾಡೋದೇ ಹಾಡಾಯಿತು. ಎಲೆಕ್ಟ್ರಾನಿಕ್ ಕೀಬೋರ್ಡಿನ, ಡ್ರಮ್ಮಿನ ಸದ್ದು ಅಲ್ಲಿ ಮುಚ್ಚುಮರೆ ಇಲ್ಲದೆ ಎದುರಿಗೆ ಬಂತು. 1998ರ 'ಎ' ಸಿನಿಮಾದಲ್ಲಿ ಗುರುಕಿರಣ್ ಬೇರೆ ಥರದ ಗದ್ದಲ ತಂದರು. 2006ರ 'ಮುಂಗಾರು ಮಳೆ'ಯಲ್ಲಿ ಮನೋಮೂರ್ತಿ ಸದ್ದನ್ನು ತಗ್ಗಿಸಿದರು, ಜಯಂತ ಕಾಯ್ಕಿಣಿ ಮಾತನ್ನು ಮೆತ್ತಗೆ ಮಾಡಿದರು. ಅದು ನಿಜವಾದ ಹೊಸತನ. ಆದರೆ ಅದರ ಬೆನ್ನಿಗೆ ಬಂದ ಅನುಕರಣೆಗಳ ವರ್ಷಗಳಿವೆಯಲ್ಲ, ಅವನ್ನು ಕೇಳಿ ಹಾಡು ನಿಂತಿದೆ ಅಂತ ಯಾರಾದರೂ ಹೇಳಿದರೆ ನಾನು ಎದುರು ಮಾತಾಡೋದಿಲ್ಲ. ಅದೇ ಮಳೆ, ಅದೇ ಕನಸು, ಅದೇ ಗಿಟಾರ್, ಅದೇ ಮುಂಬೈ ಗಾಯಕರು. ಪ್ರೋಗ್ರಾಂನಲ್ಲಿ ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವಾಗ ಟೋನ್ ಬದಲಿಸುವ ಅಗತ್ಯವೇ ಇರಲಿಲ್ಲ.

ಆಮೇಲೆ ಬಾಗಿಲು ತೆರೆದದ್ದು ಆಡುಮಾತು. 'ರ‍್ಯಾಂಬೋ 2'ನ 'ಚುಟು ಚುಟು' ಹಾಡು ನಮ್ಮ ಹಾವೇರಿ, ಧಾರವಾಡ, ಬಾಗಲಕೋಟೆ ಕಡೆಯ ಕನ್ನಡದಲ್ಲೇ ಇದೆ. ಆ ಹಾಡು ಬಂದ ವರ್ಷ ನಾವು ನುಡಿಸದ ಊರಿಲ್ಲ. ಮೈಸೂರು ಕಡೆ ಹೋದಾಗಲೂ ಅದನ್ನೇ ಕೇಳಿದರು. ನಮ್ಮ ಕಡೆಯ ಮಾತನ್ನು ಸಿನಿಮಾದವರು ಹಾಸ್ಯ ಪಾತ್ರಕ್ಕೆ ಮೀಸಲಿಟ್ಟಿದ್ದ ಕಾಲ ನನಗೆ ಚೆನ್ನಾಗಿ ನೆನಪಿದೆ. ಅದೇ ಮಾತಿನಲ್ಲಿ ನಾಯಕ ನಾಯಕಿ ಪ್ರೀತಿ ಮಾಡಿದ್ದು ಸಣ್ಣ ಬದಲಾವಣೆ ಅಲ್ಲ. ಆಲ್ ಓಕೆ, ಚಂದನ್ ಶೆಟ್ಟಿ ಥರದವರ ಕನ್ನಡ ರ‍್ಯಾಪ್ ಕೂಡ ಇದೇ ಸಾಲಿಗೆ ಸೇರುತ್ತದೆ. ಇಷ್ಟವಾಗದಿದ್ದರೂ ಒಮ್ಮೆ ಸಾಹಿತ್ಯವನ್ನು ಓದಿಕೊಂಡು ಕೇಳಿ. ಕನ್ನಡದ ಪ್ರಾಸ, ಒತ್ತಕ್ಷರ ಆ ವೇಗದಲ್ಲಿ ಹೇಗೆ ಕೂರುತ್ತದೆ ಅನ್ನೋದು ಹೊಸ ಲೆಕ್ಕ.

ಉದ್ದ ನೋಡಿ, ಬೇಗ ಮುಗಿಸಿ

ಹಾಡು ಚಿಕ್ಕದಾಯಿತು ಅಂತ ಕೊರಗುವವರಿಗೆ ಒಂದೇ ಮಾತು. 78 ಆರ್‌ಪಿಎಂ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದೇ ಸುಮಾರು ಮೂರು ನಿಮಿಷ. ಆಗಲೂ ಹಾಡು ಅಷ್ಟರಲ್ಲೇ ಮುಗಿಯಬೇಕಿತ್ತು. ಕ್ಯಾಸೆಟ್ ಬಂದ ಮೇಲೆ ಐದು ನಿಮಿಷಕ್ಕೆ ಹಿಗ್ಗಿತು, ಈಗ ಮತ್ತೆ ಕುಗ್ಗುತ್ತಿದೆ. ನಿಮ್ಮ ಪಟ್ಟಿಯಲ್ಲಿ ಉದ್ದಕ್ಕಿಂತ, ದನಿ ಎಷ್ಟನೇ ಸೆಕೆಂಡಿಗೆ ಬರುತ್ತದೆ ಅಂತ ಬರೆಯಿರಿ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸಲ ಕೇಳಿದ ಲೆಕ್ಕ. 2020ರಲ್ಲಿ ಟಿಕ್‌ಟಾಕ್ ನಿಷೇಧವಾಗಿ ಇನ್‌ಸ್ಟಾಗ್ರಾಂ ರೀಲ್ಸ್ ಬಂದ ಮೇಲೆ ಹುಕ್ ಲೈನ್ ಮುಂದಕ್ಕೆ ಓಡಿ ಬಂದಿದೆ. ಕೇಳುಗ ಜಾರಿಹೋಗುವ ಮೊದಲೇ ಹಿಡಿಯಬೇಕು. ದೀರ್ಘವಾದ ಆರಂಭದ ಸಂಗೀತ ಹೋದದ್ದು ಹೀಗೆ.

ಒಂದೇ ಹಾಡು, ಬೇರೆ ಬೇರೆ ಕಾಲ

ಮೇಲಿನದೆಲ್ಲ ಜಾಸ್ತಿ ಅನ್ನಿಸಿದರೆ ಈ ಒಂದನ್ನಾದರೂ ಮಾಡಿ. ಶಿಶುನಾಳ ಶರೀಫರ 'ಸೋರುತಿಹುದು ಮನೆಯ ಮಾಳಿಗಿ' ತೆಗೆದುಕೊಳ್ಳಿ. ಶರೀಫರು ಬದುಕಿದ್ದು 1819ರಿಂದ 1889. ಅವರ ಊರು ನಮ್ಮ ಹಾವೇರಿ ಜಿಲ್ಲೆಯದೇ. ಹಾಡಿನ ಮಾತು ಬದಲಾಗೋದಿಲ್ಲವಾದ್ದರಿಂದ ಬದಲಾದದ್ದು ಏನು ಅಂತ ಸ್ಪಷ್ಟವಾಗಿ ಕೇಳಿಸುತ್ತದೆ.

ಮೊದಲು ಯಾವುದಾದರೂ ಊರಿನ ಭಜನಾ ಮೇಳದವರು ಹಾಡಿದ್ದು ಹುಡುಕಿ. ಹಾರ್ಮೋನಿಯಂ, ತಾಳ, ದಮ್ಮಡಿ. ಒಬ್ಬರು ಹೇಳುತ್ತಾರೆ, ಉಳಿದವರು ಎತ್ತಿಕೊಳ್ಳುತ್ತಾರೆ. ಆಮೇಲೆ ಸಿ. ಅಶ್ವಥ್ ಅವರದು. ಅಲ್ಲಿ ಒಂಟಿ ದನಿ ನಾಟಕದ ಪಾತ್ರದಂತೆ ಎದ್ದು ನಿಲ್ಲುತ್ತದೆ, ಪದಕ್ಕೊಂದು ಭಾವ. ಕೊನೆಗೆ ರಘು ದೀಕ್ಷಿತ್ 2008ರ ಆಲ್ಬಂನಲ್ಲಿ ಹಾಡಿದ್ದು. ಗಿಟಾರ್, ವಯಲಿನ್, ಡ್ರಮ್ಸ್ ಸೇರಿ ಬ್ಯಾಂಡ್ ಆಗುತ್ತದೆ. ಮೂರನ್ನೂ ಒಂದೇ ಸಂಜೆ ಕೇಳಿ. ನನಗೆ ಅಶ್ವಥ್ ಅವರದೇ ಹೆಚ್ಚು ಇಷ್ಟ. ಆದರೆ ಕಾಲೇಜು ಹುಡುಗರು ಶರೀಫರ ಸಾಲುಗಳನ್ನು ಬಾಯಿಪಾಠ ಹೇಳುವಾಗ ಎಲ್ಲಿ ಕಲಿತಿರಿ ಅಂತ ಕೇಳಿ ನೋಡಿ. ಬಹಳ ಮಂದಿ ರಘು ದೀಕ್ಷಿತ್ ಹೆಸರೇ ಹೇಳುತ್ತಾರೆ.

ಇದೇ ಥರ ಇನ್ನೊಂದು ಹಾಡು ಬೇಕಾದರೆ ಮಾದಪ್ಪನ 'ಸೋಜುಗಾದ ಸೂಜು ಮಲ್ಲಿಗೆ'. ಕಂಸಾಳೆಯವರ ಬಾಯಲ್ಲಿ ಕೇಳಿ, ಅನನ್ಯ ಭಟ್ ದನಿಯಲ್ಲಿ ಕೇಳಿ, ಆಮೇಲೆ 2021ರ 'ಗರುಡ ಗಮನ ವೃಷಭ ವಾಹನ' ಸಿನಿಮಾದಲ್ಲಿ ಅದು ಬರುವ ಜಾಗ ನೋಡಿ. ಭಕ್ತಿಯ ಹಾಡು ಅಲ್ಲಿ ಮೈ ನಡುಗಿಸುತ್ತದೆ.

ಲೆಕ್ಕ ಹಾಕಿದವರು ಏನು ಹೇಳಿದ್ದಾರೆ

ಈ ಪ್ರಶ್ನೆಯನ್ನು ಕಂಪ್ಯೂಟರ್‌ಗೂ ಕೇಳಿದವರಿದ್ದಾರೆ. ಅವರು ನೋಡಿದ್ದು ಪಾಶ್ಚಾತ್ಯ ಹಾಡುಗಳನ್ನು. 2012ರಲ್ಲಿ ಸ್ಪೇನಿನ ಸಂಶೋಧಕರು 1955ರಿಂದ 2010ರವರೆಗಿನ ನಾಲ್ಕು ಲಕ್ಷಕ್ಕೂ ಹೆಚ್ಚು ರೆಕಾರ್ಡಿಂಗ್ ಪರೀಕ್ಷಿಸಿದರು. ಸ್ವರದಿಂದ ಸ್ವರಕ್ಕೆ ಹೋಗುವ ದಾರಿಗಳು ಕಡಿಮೆಯಾಗಿವೆ, ನಾದದ ಬಗೆಗಳು ಕಿರಿದಾಗಿವೆ, ಸದ್ದು ಜೋರಾಗಿದೆ ಅಂದರು. ಅಂದರೆ ಹಾಡು ನಿಂತಿದೆ ಅನ್ನುವವರ ಪರ. 2015ರಲ್ಲಿ ಲಂಡನ್ನಿನ ಇನ್ನೊಂದು ಗುಂಪು ಅಮೆರಿಕದ ಹಿಟ್ ಹಾಡುಗಳ ಪಟ್ಟಿಯಿಂದ 1960ರಿಂದ 2010ರವರೆಗಿನ ಸುಮಾರು 17,000 ಹಾಡು ತೆಗೆದುಕೊಂಡಿತು. ಹಾಡುಗಳು ಒಂದೇ ಸಮನೆ ಏಕತಾನವಾಗುತ್ತಾ ಬಂದಿವೆ ಅನ್ನೋದಕ್ಕೆ ಅವರಿಗೆ ಆಧಾರ ಸಿಗಲಿಲ್ಲ. 1980ರ ದಶಕದ ನಡುವೆ ವೈವಿಧ್ಯ ಒಮ್ಮೆ ಕುಗ್ಗಿ ಮತ್ತೆ ಹಿಗ್ಗಿತ್ತು. 1964, 1983, 1991ರ ಸುಮಾರಿಗೆ ದೊಡ್ಡ ಜಿಗಿತ ಕಂಡವು. 1991ರದು ಎಲ್ಲಕ್ಕಿಂತ ದೊಡ್ಡದು, ಅದಕ್ಕೆ ಕಾರಣ ರ‍್ಯಾಪ್.

ಎರಡೂ ಸರಿ ಇರಬಹುದು. ಅಳೆದದ್ದು ಬೇರೆ ಬೇರೆ, ತೆಗೆದುಕೊಂಡ ಹಾಡುಗಳೂ ಬೇರೆ. ನನಗೆ ಇದರಲ್ಲಿ ಮುಖ್ಯ ಅನ್ನಿಸಿದ್ದು ಆ ಜಿಗಿತದ ಮಾತು. ಹಾಡು ದಿನಾ ಸ್ವಲ್ಪ ಸ್ವಲ್ಪ ಬೆಳೆಯೋದಿಲ್ಲ. ವರ್ಷಗಟ್ಟಲೆ ಒಂದೇ ಕಡೆ ಕೂತಿರುತ್ತದೆ, ಆಮೇಲೆ ಒಮ್ಮೆಲೇ ಹಾರುತ್ತದೆ. ಕನ್ನಡದಲ್ಲಿ ನನ್ನ ಕಿವಿಗೆ ಕೇಳಿಸುವ ಜಿಗಿತಗಳು 1987, 1998, 2006, 2018. ನಡುವಿನ ವರ್ಷದಲ್ಲಿ ನಿಂತು ನೋಡಿದವರಿಗೆ ಎಲ್ಲ ಮುಗಿಯಿತು ಅನ್ನಿಸೋದು ಸಹಜ. ನಿಮ್ಮ ಪಟ್ಟಿಯಲ್ಲಿ ಬೇರೆ ವರ್ಷ ಬಂದರೆ ಅದನ್ನೇ ಇಟ್ಟುಕೊಳ್ಳಿ.

ಸಿನಿಮಾದ ಆಚೆಗೂ ಕಿವಿ ಕೊಡಿ

ನಮ್ಮಲ್ಲಿ ಜನಪ್ರಿಯ ಹಾಡು ಅಂದರೆ ಸಿನಿಮಾ ಹಾಡು ಅಂತಲೇ ಆಗಿಬಿಟ್ಟಿದೆ. ಆದರೆ 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದಾಗ ನಿಸಾರ್ ಅಹಮದ್ ಅವರ ಕವಿತೆ ಮೈಸೂರು ಅನಂತಸ್ವಾಮಿ ಅವರ ಸಂಗೀತದಲ್ಲಿ, ಸಿನಿಮಾದ ಹಂಗಿಲ್ಲದೆ ಮನೆಮನೆಗೆ ಹೋಯಿತು. ಇವತ್ತು ಆ ಜಾಗದಲ್ಲಿ ಇರೋದು ಬೇರೆಯೇ ಲೋಕ. ಕಬ್ಬು ಸಾಗಿಸುವ ಕಾಲದಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಒಂದು ದಿನ ರಸ್ತೆ ಬದಿ ನಿಲ್ಲಿ. ಟ್ರ್ಯಾಕ್ಟರ್ ಮೇಲೆ ದೊಡ್ಡ ಸೌಂಡ್ ಬಾಕ್ಸ್, ಅದರಲ್ಲಿ ಜಾನಪದ ಡಿಜೆ ಹಾಡು. ಆ ಹಾಡುಗಳು ಸಣ್ಣ ಊರಿನ ಸಣ್ಣ ಸ್ಟುಡಿಯೋಗಳಲ್ಲಿ ತಯಾರಾಗುತ್ತವೆ, ನೇರ ಯೂಟ್ಯೂಬ್‌ಗೆ ಹೋಗುತ್ತವೆ. ಯಾವ ನಿರ್ಮಾಪಕನ ಒಪ್ಪಿಗೆಯೂ ಬೇಕಿಲ್ಲ. ಎಲ್ಲವೂ ಚೆನ್ನಾಗಿವೆ ಅಂತ ನಾನು ಹೇಳೋದಿಲ್ಲ. ಕೆಲವದರ ಮಾತು ಮನೆಮಂದಿ ಜೊತೆ ಕೂತು ಕೇಳುವಂಥದ್ದಲ್ಲ. ಆದರೆ ಹಳ್ಳಿಯ ಹುಡುಗ ತಾನೇ ಹಾಡು ಕಟ್ಟಿ, ತನ್ನ ಕನ್ನಡದಲ್ಲೇ ಹಾಡಿ, ಲಕ್ಷಾಂತರ ಜನರಿಗೆ ಮುಟ್ಟಿಸುವ ಸ್ಥಿತಿ ಹಿಂದೆ ಯಾವತ್ತೂ ಇರಲಿಲ್ಲ. ನಿಮ್ಮ ಪಟ್ಟಿಯಲ್ಲಿ ಅಂಥ ಐದು ಹಾಡಾದರೂ ಇರಲೇಬೇಕು. ಇಲ್ಲದಿದ್ದರೆ ನೀವು ಅಳೆದದ್ದು ಗಾಂಧಿನಗರವನ್ನು ಮಾತ್ರ.

ಕೊನೆಗೆ ಪುಟ ತುಂಬಿದ ಮೇಲೆ ಒಟ್ಟು ಅಂಕ ಕೂಡಿಸಬೇಡಿ. ಸಾಲು ಸಾಲಾಗಿ ಓದಿ. ಬಿಟ್, ಸದ್ದು, ಪೆಟ್ಟು, ದನಿ, ಮಾತು, ಉದ್ದ. ಯಾವ ಸಾಲಿನಲ್ಲಿ ಹಳೆಯದು ಮುಂದಿದೆ, ಯಾವುದರಲ್ಲಿ ಹೊಸದು ಅಂತ ಗುರುತು ಹಾಕಿ. ಆಮೇಲೆ ನಿಮಗಿಂತ ಇಪ್ಪತ್ತು ವರ್ಷ ದೊಡ್ಡವರೋ ಚಿಕ್ಕವರೋ ಒಬ್ಬರನ್ನು ಹಿಡಿದು ಅದೇ ಪಟ್ಟಿ ಕೊಡಿ. ಮಗಳಿಗೆ, ಮಾವನಿಗೆ, ಪಕ್ಕದ ಅಂಗಡಿಯವರಿಗೆ. ಷರತ್ತು ಒಂದೇ, ಹಾಡು ಪೂರ್ತಿ ಮುಗಿಯುವ ತನಕ ಬದಲಿಸುವಂತಿಲ್ಲ. ಇಬ್ಬರ ಪುಟಗಳನ್ನೂ ಪಕ್ಕಪಕ್ಕ ಇಟ್ಟು, ಬೇರೆಯಾದ ಸಾಲುಗಳ ಹಾಡನ್ನು ಜೊತೆಯಲ್ಲಿ ಇನ್ನೊಮ್ಮೆ ಕೇಳಿ.

ನಿಮ್ಮೂರಿಗೆ ಆರ್ಕೆಸ್ಟ್ರಾ ಬಂದಾಗ ಚೀಟಿಯಲ್ಲಿ ಎರಡು ಹಾಡು ಬರೆದು ಕಳಿಸಿ. ಎರಡೂ ಬಿಟ್ ಬೇರೆ ಬೇರೆ ಇರುವ ಹಳೆಯದೊಂದು, ನಿಮ್ಮ ಪಟ್ಟಿಯಲ್ಲಿ ಸದ್ದಿಗೆ ಗುರುತು ಬಿದ್ದ ಹೊಸದೊಂದು. ಹಳೆಯದನ್ನು ನುಡಿಸುವಾಗ ಬಿಟ್ ಮುಗಿಯುವವರೆಗೆ ದಯವಿಟ್ಟು ಮಾತಾಡಬೇಡಿ.